ಕೊನೆಯವಳು ಗೆರೆ ದಾಟುವವರೆಗೆ

ಸೆಪ್ಟೆಂಬರ್ 14, ಭಾನುವಾರ

‘ಬಿಸಿಲುಂಡಷ್ಟೂ ಸಿಹಿ ಹಣ್ಣಿನೊಳಗೆ...’ ಹೀಗೇನೋ ಒಂದು ಸಾಲು. ಯಾರದೆಂದು ನೆನಪಿಲ್ಲ, ಮುಂದಿನ ಸಾಲೂ ನೆನಪಿಲ್ಲ. ಎಂ.ಎ. ಓದುವಾಗ ಯಾವುದೋ ಕವಿಗೋಷ್ಠಿಯಲ್ಲಿ ಕೇಳಿದ್ದಿರಬೇಕು. ಆಗ ಕಣ್ಣು ತುಂಬಿತ್ತು. ಇವತ್ತು ಮುಖ ತೊಳೆದು ಕನ್ನಡಿ ನೋಡುವಾಗ ಅದೇ ಸಾಲು ನೆನಪಾಗಿ ಸಿಟ್ಟು ಬಂತು. ಹಣ್ಣಿನ ಒಳಗಿನ ಮಾತು ಸರಿ, ಹೊರಗಿನದ್ದು? ಅಮ್ಮ ಚಾಪೆಯ ಮೇಲೆ ಮಾವಿನ ರಸ ಹಚ್ಚಿ ಮಾಂಬಳ ಒಣಗಿಸುತ್ತಿದ್ದರು. ಬಿಸಿಲು ಕುಡಿದ ರಸ ಸಿಹಿಯಾಗುತ್ತಿದ್ದದ್ದು ನಿಜ. ಅದರ ಜೊತೆಗೇ ಕಪ್ಪಾಗಿ, ಸುಕ್ಕಾಗಿ, ಚಾಪೆಯ ಗೆರೆಗಳನ್ನೆಲ್ಲ ಮೈಮೇಲೆ ಹೊತ್ತುಕೊಂಡು ಏಳುತ್ತಿತ್ತು. ಆ ಕವಿ ಮಾಂಬಳದ ಮುಖ ನೋಡಿರಲಿಕ್ಕಿಲ್ಲ.

ಶುಕ್ರವಾರದ್ದನ್ನು ಬರೆದು ಮುಗಿಸಿಬಿಡುತ್ತೇನೆ. ನವೆಂಬರಿನಲ್ಲಿ ನಮ್ಮ ಕಾಲೇಜಿನ ಮೈದಾನದಲ್ಲಿ ಅಂತರಕಾಲೇಜು ಕ್ರೀಡಾಕೂಟ. ಈ ಸಲ ಮೊಬೈಲಿನಲ್ಲಿ ನೇರಪ್ರಸಾರವಂತೆ. ಪಿ.ಟಿ. ಮೇಷ್ಟ್ರು ಶೇಖರ ಸ್ಟಾಫ್ ರೂಮಿಗೆ ಬಂದು, ನನ್ನ ಮೇಜಿನ ಮೇಲಿದ್ದ ಚಾಕ್‌ಪೀಸನ್ನು ಅತ್ತಿತ್ತ ಉರುಳಿಸುತ್ತ ನಿಂತರು.

“ಮೇಡಂ, ವೀಕ್ಷಕ ವಿವರಣೆ ನಿಮ್ಮದೇ. ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕ್ಯಾಮೆರಾದ ಎದುರು ಸುರಕ್ಷಾ ಕೂತ್ಕೊಳ್ಳಲಿ ಅಂತ.”

ಸುರಕ್ಷಾ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಇಲ್ಲೇ ವಾಣಿಜ್ಯ ವಿಭಾಗದಲ್ಲಿ ಕಲಿಸುತ್ತಾಳೆ.

“ಹಾಗಾದ್ರೆ ನಾನೆಲ್ಲಿ?” ಎಂದೆ.

“ವೇದಿಕೆಯ ಹಿಂದೆ, ನೆರಳಲ್ಲಿ. ಫ್ಯಾನ್ ಇಟ್ಟು ಕೊಡ್ತೇವೆ. ನಿಮ್ಮ ಸ್ವರ ಸಾಕಲ್ಲ ನಮಗೆ.”

“ಮುಖ ಬೇಡ.”

“ಹಾಗಲ್ಲ ಮಾರಾಯ್ರೆ. ಕಳೆದ ವರ್ಷದ ವಿಡಿಯೋ ನೋಡಿ ಆಡಳಿತದವರು, ಕ್ಲೋಸಪ್ಪಿನಲ್ಲಿ ಸ್ವಲ್ಪ ಆಯಾಸ ಕಾಣ್ತದೆ ಅಂದ್ರು. ಅಷ್ಟೇ.”

ನಾನು ಕೆಲಸಕ್ಕೆ ಸೇರಿದ ವರ್ಷ ಇದೇ ಶೇಖರ, “ಕನ್ನಡ ಎಂ.ಎ. ಅಲ್ವಾ, ಹಿಡೀರಿ” ಎಂದು ಮೈಕು ಕೈಗೆ ಕೊಟ್ಟದ್ದು. ನಮ್ಮ ಕಡೆ ಕನ್ನಡ ಓದಿದವರ ಹಣೆಬರಹವೇ ಅದು. ಸ್ವಾಗತ, ಧನ್ಯವಾದ, ಮದುವೆಯ ಸಭೆ, ಕ್ರೀಡಾಕೂಟ, ಎಲ್ಲಿ ಹೋದರೂ ಮೈಕು ನಮ್ಮನ್ನು ಹುಡುಕಿಕೊಂಡು ಬರುತ್ತದೆ. ಮಾಣಿ, ಕಲ್ಲಡ್ಕ, ಬೆಳ್ತಂಗಡಿ, ಯಾವ ಮೈದಾನ ಬಿಟ್ಟಿದ್ದೇನೆ? ಶಾಮಿಯಾನದ ನೆರಳು ಅತಿಥಿಗಳಿಗೆ. ಮೈಕಿನವರು ಓಟ ಮುಗಿಯುವ ಗೆರೆಯ ಹತ್ತಿರ ನಿಲ್ಲಬೇಕು. ನಮ್ಮ ಮೈದಾನದಲ್ಲಿ ಹಾಗೆ ನಿಂತರೆ ಮಧ್ಯಾಹ್ನದ ಮೇಲೆ ಬಿಸಿಲು ಸೀದಾ ಎಡಗೆನ್ನೆಗೆ. ಕನ್ನಡಿಯಲ್ಲಿ ಲೆಕ್ಕ ಸರಿಯಾಗಿಯೇ ಇದೆ. ಎಡಗಡೆ ಕಲೆಗಳು ಹೆಚ್ಚು, ಕಣ್ಣಿನ ಬದಿಯ ಗೆರೆಗಳು ಆಳ. ಬಲಗಡೆಯವಳು ನನ್ನ ತಂಗಿಯ ಹಾಗಿದ್ದಾಳೆ.

ಆಯಾಸವಂತೆ. ನನಗೆ ಆಯಾಸವಿಲ್ಲ. ಮುಖ ಸರಿಮಾಡಿಸಿಕೊಂಡು ಆ ಕುರ್ಚಿಯಲ್ಲಿ ನಾನೇ ಕೂರುತ್ತೇನೆ.

ಸೆಪ್ಟೆಂಬರ್ 17, ಬುಧವಾರ

ಬಸ್ಸಿನಲ್ಲಿ ಬಿಸಿಲಿಲ್ಲದ ಬದಿ ಹುಡುಕಿ ಕೂತೆ. ಬಂಟ್ವಾಳದ ಮನೆಯಿಂದ ಮೂಡುಬಿದಿರೆಯ ಕಾಲೇಜಿಗೆ ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು. ಇಷ್ಟು ವರ್ಷ ಗಮನಿಸಿರಲಿಲ್ಲ. ನಡುವೆ ರಸ್ತೆ ತಿರುಗಿದಲ್ಲೆಲ್ಲ ಬಿಸಿಲೂ ಬದಿ ಬದಲಿಸುತ್ತದೆ.

ರಮಾನಾಥರನ್ನು ಎದುರು ಕೂರಿಸಿ ಕೇಳಿದೆ.

“ನನ್ನ ಮುಖ ನೋಡಿ ಹೇಳಿ. ಏನಾಗಿದೆ?”

ಗಂಡ ತುಂಬ ಹೊತ್ತು ನೋಡಿದರು. ಸೊಸೈಟಿಯಲ್ಲಿ ಸಾಲದ ಅರ್ಜಿ ನೋಡುವ ಹಾಗೆಯೇ.

“ನೀನೇ ಹೇಳು. ನನಗೆ ಕನ್ನಡಕ ಬೇಕು.”

“ಕನ್ನಡಕ ತಲೆ ಮೇಲೇ ಉಂಟು.”

“ಅದು ಓದ್ಲಿಕ್ಕೆ.”

ಸೆಪ್ಟೆಂಬರ್ 20, ಶನಿವಾರ

ಕಾಲೇಜು ಬಿಟ್ಟು ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹತ್ತಿರದ ಹೊಸ ಚರ್ಮದ ಕ್ಲಿನಿಕ್ಕಿಗೆ ಹೋದೆ. ಕೌಂಟರಿನ ಹುಡುಗಿ ಹೆಸರು ಕೇಳಿದಳು. ಕಾಂತಿ ಎಂದೆ. ಅವಳು ನಗದೆ ಬರೆದುಕೊಂಡಳು, ಅದು ನನಗೆ ಹಿಡಿಸಿತು.

ಡಾಕ್ಟರು ಚಿಕ್ಕ ಪ್ರಾಯದವನು. ಮುಖಕ್ಕೆ ದೀಪ ಹಿಡಿದು, “ಇದು ವಯಸ್ಸಿನದ್ದಲ್ಲ ಮೇಡಂ, ಹೆಚ್ಚಿನದ್ದು ಬಿಸಿಲಿನದ್ದು” ಎಂದ. ಆ ಮಾತಿಗೆ ಯಾಕೋ ಸಮಾಧಾನವಾಯಿತು. ಫ್ರಾಕ್ಷನಲ್ ಸಿಒಟು ಲೇಸರ್ ಅವನ ಸಲಹೆ. ಕೂದಲಿಗಿಂತ ಸಪೂರ ತೂತುಗಳನ್ನು ಸಾಲಾಗಿ ಸುಡುತ್ತದೆ, ಸುತ್ತಲಿನ ಚರ್ಮ ಅವನ್ನು ಹೊಸತಾಗಿ ತುಂಬುತ್ತದೆ. ಒಂದು ವಾರ ಮುಖ ಕೆಂಪಾಗಿ, ಹೊಟ್ಟು ಏಳುತ್ತದೆ. ಸುಕ್ಕಿಗೆ ಇದರಷ್ಟು ಜೋರಿನದ್ದು ಬೇರೆ ಇಲ್ಲ. ಆದರೆ ನಮ್ಮಂಥ ಕಂದು ಬಣ್ಣದವರಿಗೆ ಗುಣವಾಗುವಾಗ ಕಪ್ಪು ಕೂರುವ ಭಯ ಉಂಟು.

“ಹಾಗಾಗದ ಹಾಗೆ ಏನು ಮಾಡ್ಬೇಕು?”

“ಒಂದು ತಿಂಗಳು ಮೊದಲಿನಿಂದ ಬಿಸಿಲಿಗೆ ಹೋಗ್ಬಾರದು. ಆಮೇಲೆ ಮೂರು ತಿಂಗಳು ಅಂತೂ ಹೋಗ್ಲೇಬಾರದು.”

ನವೆಂಬರ್ ಎಂದರೆ ಆ ತಿಂಗಳುಗಳ ನಟ್ಟನಡುವೆ. ಮೈದಾನಕ್ಕೆ ಹೋಗಲು ಮುಖ ಬೇಕು, ಮುಖ ಬೇಕಾದರೆ ಮೈದಾನಕ್ಕೆ ಹೋಗಬಾರದು.

ಗೋಡೆಯಲ್ಲಿ ಮೊದಲಿನ ಮತ್ತು ನಂತರದ ಫೋಟೋಗಳಿದ್ದವು. ಮೊದಲಿನದರಲ್ಲಿ ಯಾರೂ ನಗುತ್ತಿಲ್ಲ. ನಂತರದ್ದರಲ್ಲಿ ಎಲ್ಲರೂ ತುಸು ನಗುತ್ತಿದ್ದಾರೆ. ಆ ನಗುವಿನ ಪಾಲು ಎಷ್ಟು, ಲೇಸರಿನ ಪಾಲು ಎಷ್ಟು ಎಂದು ಯೋಚಿಸುತ್ತ ಬಸ್ಸು ತಪ್ಪಿಸಿಕೊಂಡೆ.

ಸೆಪ್ಟೆಂಬರ್ 28, ಭಾನುವಾರ

ವಾರವಿಡೀ ಓದಿದೆ. ಉತ್ತರ ಪತ್ರಿಕೆ ತಿದ್ದುವವಳ ಬುದ್ಧಿ ಹೋಗುವುದಿಲ್ಲ; ಪ್ರತಿಯೊಂದಕ್ಕೂ ಮನಸ್ಸಿನಲ್ಲಿ ಅಂಕ ಕೊಡುತ್ತಿದ್ದೇನೆ.

ಸಿಒಟು ಎಲ್ಲರಿಗಿಂತ ಜೋರಾಗಿ ಮಾತಾಡುವ ವಿದ್ಯಾರ್ಥಿ. ಉತ್ತರ ಗೊತ್ತು, ಆದರೆ ತಪ್ಪಿದರೆ ದೊಡ್ಡ ತಪ್ಪು. ಎರ್ಬಿಯಂ ಅದರ ತಮ್ಮ. ಶಾಖ ಕಡಿಮೆ, ಬೇಗ ಗುಣ, ಆಳವೂ ಸ್ವಲ್ಪ ಕಡಿಮೆ. ಮೇಲಿನ ಚರ್ಮವನ್ನು ಹಾಗೇ ಬಿಟ್ಟು ಒಳಗೆ ಮಾತ್ರ ಕೆಲಸ ಮಾಡುವ ಇನ್ನೊಂದು ಇದೆ. ಎರಡು ಮೂರು ದಿನದ ಕೆಂಪು, ಅಷ್ಟೇ. ಆದರೆ ನಾಲ್ಕೈದು ಸಲ ಹೋಗಬೇಕು, ನಿಧಾನ. ಟೋನಿಂಗ್ ಎಂಬುದು ಕಲೆಯನ್ನು ತೆಳುವಾಗಿಸುತ್ತದೆ, ಸುಕ್ಕಿನ ತಂಟೆಗೆ ಹೋಗುವುದಿಲ್ಲ. ಬಿಸಿಲು ಕಂಡರೆ ಕಲೆ ಮರಳಿ ಬರುವುದೂ ಉಂಟು. ಐಪಿಎಲ್ ಲೇಸರೇ ಅಲ್ಲ, ಬೆಳಕಿನ ಹೊಡೆತ. ಬಿಳಿ ಚರ್ಮದವರಿಗೆ ಅದು ಹೊಂದುತ್ತದೆ, ನಮ್ಮ ಬಣ್ಣಕ್ಕೆ ಸುಟ್ಟೀತು.

ಎಲ್ಲದರ ಕೊನೆಯಲ್ಲೂ ಒಂದೇ ವಾಕ್ಯ. ಬಿಸಿಲಿಗೆ ಹೋಗಬೇಡಿ.

ಮಧ್ಯಾಹ್ನ ಪಕ್ಕದ ಮನೆಯ ಸೈನಬಕ್ಕ ಕರಿಬೇವಿಗೆ ಬಂದವರು ನಾನು ಒಳಗಿನ ಜಗಲಿಯಲ್ಲೂ ಸೆರಗನ್ನು ಮುಖಕ್ಕೆ ಎಳೆದುಕೊಂಡು ಕೂತದ್ದು ನೋಡಿದರು. ನಾವು ತುಳುವಿನಲ್ಲೇ ಮಾತನಾಡುವುದು. ಅವರ ಮಾತನ್ನು ಕನ್ನಡಕ್ಕೆ ತಂದರೆ ಅರ್ಧ ಖಾರ ಹೋಗುತ್ತದೆ.

“ಏನು ಟೀಚರೇ, ನಮ್ಮ ಜಾತಿಗೆ ಸೇರಿದ್ರಾ?”

ಅವರೇ ನಕ್ಕರು. ನನಗೆ ನಗು ಬರಲಿಲ್ಲ.

ಅಕ್ಟೋಬರ್ 4, ಶನಿವಾರ

ಬೆಳ್ತಂಗಡಿಯಲ್ಲಿ ಡಾಕ್ಟರ್ ಶಹನಾಝ್ ಅವರನ್ನು ಕಂಡು ಬಂದೆ. ನನ್ನದೇ ಪ್ರಾಯ. ಗಡಿಬಿಡಿಯಿಲ್ಲದ ಹೆಂಗಸು. ನಾನು ಓದಿದ್ದನ್ನೆಲ್ಲ ಒಪ್ಪಿಸಿದೆ, ಅವರು ಪೂರ್ತಿ ಕೇಳಿಸಿಕೊಂಡರು.

“ಸರಿ ಓದಿದ್ದೀರಿ. ಈಗ ಹೇಳಿ, ನಿಮಗೆ ಯಾವುದು ಹೋಗ್ಬೇಕು? ಕಲೆಯಾ, ಗೆರೆಯಾ?”

“ಎರಡೂ.”

“ಎರಡಕ್ಕೂ ಒಂದೇ ಮೆಷಿನ್ ಇಲ್ಲ. ಮೊದಲು ಯಾವುದು?”

ಕ್ರೀಡಾಕೂಟದ ವಿಷಯ, ಕುರ್ಚಿಯ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

“ನಾನೂ ಮಾಡಿಸಿಕೊಂಡಿದ್ದೇನೆ, ಈ ಹಣೆಯ ಹತ್ತಿರ. ಬೇಕು ಅನ್ನಿಸುವುದರಲ್ಲಿ ತಪ್ಪೇನಿಲ್ಲ. ಆದ್ರೆ ನವೆಂಬರಿಗೆ ಮುಖ ತಯಾರಾಗುವುದಿಲ್ಲ. ಸುಳ್ಳು ಹೇಳಿ ನಿಮ್ಮನ್ನು ಕೂರಿಸಿಕೊಳ್ಳಲಾ?”

ಸದ್ಯಕ್ಕೆ ಬೆಳಿಗ್ಗೆ ಮಧ್ಯಾಹ್ನ ಸನ್‌ಸ್ಕ್ರೀನ್, ರಾತ್ರಿಗೊಂದು ಕ್ರೀಮು. ಒಂದು ತಿಂಗಳು ಬಿಟ್ಟು ಕಿವಿಯ ಮುಂದೆ ರೂಪಾಯಿಯಗಲ ಜಾಗದಲ್ಲಿ, ಆ ಮೇಲ್ಚರ್ಮ ಸುಡದ ಲೇಸರನ್ನು ಪರೀಕ್ಷೆಗೆ ಹಾಕಿ ನೋಡುವ ಎಂದರು. ಅಲ್ಲಿ ಕಪ್ಪು ಬಾರದಿದ್ದರೆ ಮುಂದೆ ಪೂರ್ತಿ ಮುಖ.

ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ. ಯಾರೂ ನೋಡಲಿಲ್ಲ. ಸೆರಗು ಅಷ್ಟಕ್ಕಾದರೂ ಬಂತು.

ಅಕ್ಟೋಬರ್ 23, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಕ್ರೀಮಿನಿಂದ ಚರ್ಮ ಸಿಪ್ಪೆ ಏಳುತ್ತದೆ.

ಇವತ್ತು ಸೈನಬಕ್ಕ ಮೊಮ್ಮಗಳನ್ನು ಎಳೆದುಕೊಂಡೇ ಬಂದರು. ಸಬೀಹಾ ನಮ್ಮ ಕಾಲೇಜಿನಲ್ಲಿ ಎರಡನೇ ಪಿಯುಸಿ, ಮೂರು ಸಾವಿರ ಮೀಟರಿಗೆ ಹೆಸರು ಕೊಟ್ಟಿದ್ದಾಳೆ. ಈಗ ಓಡುವುದಿಲ್ಲವಂತೆ.

“ಇವಳಿಗೆ ಸ್ವಲ್ಪ ಹೇಳಿ ಟೀಚರೇ. ಬೆಳಿಗ್ಗೆ ಬೆಳಿಗ್ಗೆ ಇವಳ ಶೂ ತೊಳೆದು ತೊಳೆದು ನನ್ನ ಕೈ ಬೆಳ್ಳಗಾಯ್ತು. ಈಗ ಓಡುವುದಿಲ್ಲ ಅಂದ್ರೆ?”

ಹುಡುಗಿ ಕಂಬ ಹಿಡಿದು ನಿಂತಿದ್ದಳು. ನಾನು ಕಾರಣ ಕೇಳಿದೆ.

“ಹೋದ ವರ್ಷ ತಾಲೂಕಿನಲ್ಲಿ ನಾನು ಕೊನೆ. ಇನ್ನೂ ಎರಡು ಸುತ್ತು ಇತ್ತು ಮೇಡಂ, ಅವರು ಬಹುಮಾನ ಕೊಡ್ಲಿಕ್ಕೆ ಶುರು ಮಾಡಿದ್ರು. ಜನ ಎಲ್ಲ ಟ್ರ್ಯಾಕಿನ ಮೇಲೆ ಬಂದ್ರು. ಒಬ್ರು ನನಗೇ ‘ಬದಿಗೆ ಹೋಗು’ ಅಂದ್ರು. ಹೋದೆ. ಹಾಗೇ ಮನೆಗೆ ಬಂದೆ.”

ಆ ಕೂಟದ ಮೈಕು ನನ್ನದಾಗಿರಲಿಲ್ಲ. ನನ್ನದೊಂದು ಕ್ರಮ ಇದೆ, ಯಾರೂ ಕಲಿಸಿದ್ದಲ್ಲ. ಗೆದ್ದವರನ್ನು ಜನ ಹೇಗೂ ನೋಡುತ್ತಾರೆ. ಉದ್ದದ ಓಟದಲ್ಲಿ ಕೊನೆಯಲ್ಲಿರುವವಳ ಹೆಸರನ್ನು ಮೊದಲೇ ತಿಳಿದಿಟ್ಟುಕೊಂಡು, ಅವಳು ಗೆರೆ ದಾಟುವವರೆಗೆ ಹೆಸರು ಕರೆಯುತ್ತ ಇರುತ್ತೇನೆ. ಅಲ್ಲಿಯವರೆಗೆ ಮೈಕು ಇಳಿಸುವುದಿಲ್ಲ. ಶೇಖರ ಕೈಸನ್ನೆ ಮಾಡಿ ಮಾಡಿ ಸಾಕಾಗಿ ಈಗ ಬಿಟ್ಟಿದ್ದಾರೆ.

“ಈ ಸಲ ನೀವಿದ್ದೀರಾ ಮೇಡಂ?” ಸಬೀಹಾ ಕೇಳಿದಳು.

“ಇದ್ದೇನೆ.”

“ಎಲ್ಲಿ?”

ವೇದಿಕೆಯ ಹಿಂದೆ ಎಂದು ಹೇಳಲಿಲ್ಲ. ಇರುತ್ತೇನೆ, ಓಡು ಎಂದೆ.

ನವೆಂಬರ್ 8, ಶನಿವಾರ

ಪರೀಕ್ಷೆ ಆಯಿತು. ಕಿವಿಯ ಮುಂದೆ, ಎಡಗಡೆ. ಬಿಸಿ ಬಾಣಲೆಯಿಂದ ಸಾಸಿವೆ ಸಿಡಿದ ಹಾಗೆ, ಮತ್ತೆ ತಂಪು ಗಾಳಿ. ಹೆದರಿದಷ್ಟಿಲ್ಲ. “ಇನ್ನು ಒಂದು ತಿಂಗಳು ಇದನ್ನು ಮಗುವಿನ ಹಾಗೆ ನೋಡ್ಕೊಳ್ಳಿ. ಬಿಸಿಲು ಮಾತ್ರ ತಾಗಬಾರದು” ಎಂದರು ಡಾಕ್ಟರ್.

“ನೆರಳಲ್ಲೇ ಕೂರಿಸ್ತಾರಂತೆ” ಎಂದೆ.

“ಹಾಗಾದ್ರೆ ಒಳ್ಳೇದೇ ಆಯ್ತು.”

ನವೆಂಬರ್ 13, ಗುರುವಾರ

ಸುರಕ್ಷಾ ಸ್ಟಾಫ್ ರೂಮಿಗೆ ಬಂದಳು. ಓಟಗಾರರ ಹೆಸರುಗಳ ಪಟ್ಟಿ ಕೈಯಲ್ಲಿ. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ.

“ಮೇಡಂ, ನಾನು ಬೇಡ ಅಂತ್ಲೇ ಹೇಳಿದ್ದೆ.”

“ಏನನ್ನು?”

“ಕ್ಯಾಮೆರಾ. ನೀವಿರುವಾಗ ನಾನು ಅಲ್ಲಿ ಕೂತು ಎಂಥ ಹೇಳುವುದು? ನನಗೆ ಶಾಟ್‌ಪುಟ್ಟಿಗೂ ಡಿಸ್ಕಸ್ಸಿಗೂ ಈಗಲೂ ಕನ್‌ಫ್ಯೂಸ್.”

ಹತ್ತಿರದಿಂದ ನೋಡಿದೆ. ದಪ್ಪಕ್ಕೆ ಹಚ್ಚಿದ ಬಣ್ಣದ ಕೆಳಗೆ ಕೆನ್ನೆಯ ತುಂಬ ಮೊಡವೆಯ ಗುಳಿಗಳು. ನಾನು ನೋಡುವುದು ಅವಳಿಗೆ ಗೊತ್ತಾಯಿತು.

“ಆ ಬಿಳಿ ಲೈಟ್ ಹಾಕಿದ್ರೆ ಎಲ್ಲ ಕಾಣ್ತದೆ ಮೇಡಂ. ಟ್ರಯಲ್ ದಿನ ಮನೆಗೆ ಹೋಗಿ ಅತ್ತಿದ್ದೇನೆ. ನೀವು ಬೆಳ್ತಂಗಡಿಗೆ ಹೋಗ್ತೀರಿ ಅಂತ ಕೇಳಿದೆ. ಈ ಗುಳಿಗಳಿಗೆ ಲೇಸರ್ ಆಗ್ತದಾ?”

ಊರಿನಲ್ಲಿ ಏನೂ ಮುಚ್ಚಿಡಲಾಗುವುದಿಲ್ಲ. ಆಗ್ತದೆ ಎಂದೆ. ಗುಳಿಗಳಿಗೆ ಸಿಒಟು ಒಳ್ಳೆಯದೇ, ಆದರೆ ನಿನ್ನ ಬಣ್ಣಕ್ಕೆ ಹುಷಾರು, ಮೊದಲು ಹೊಸ ಮೊಡವೆ ನಿಲ್ಲಬೇಕು, ಟೋನಿಂಗಿಗೆ ದುಡ್ಡು ಹಾಕಬೇಡ. ಕಾಲು ಗಂಟೆಯ ಪಾಠವೇ ಆಯಿತು. ಮತ್ತೆ ಇಬ್ಬರೂ ಕೂತು ಹೆಸರುಗಳನ್ನು ಗಟ್ಟಿಯಾಗಿ ಓದಿದೆವು. ಅವಳ ಸ್ವರ ಒಳ್ಳೆಯದಿದೆ. ವಾಕ್ಯದ ಕೊನೆಗೆ ಮಾತ್ರ ಇಳಿದುಹೋಗುತ್ತದೆ. ಎತ್ತಿ ನಿಲ್ಲಿಸುವುದನ್ನು ತೋರಿಸಿಕೊಟ್ಟೆ.

ನವೆಂಬರ್ 21, ಶುಕ್ರವಾರ

ನಾಳೆ. ಕೊಡೆ, ಸ್ಕಾರ್ಫು, ಸನ್‌ಸ್ಕ್ರೀನ್ ಚೀಲಕ್ಕೆ ಹಾಕಿದೆ. ಕಿವಿಯ ಮುಂದಿನ ಜಾಗ ಚೆನ್ನಾಗಿ ಬಂದಿದೆ, ಸುತ್ತಲಿಗಿಂತ ನಯ, ಕಪ್ಪೂ ಇಲ್ಲ. ಇಡೀ ಮುಖ ಹೀಗಾದರೆ, ಎಂದು ಬೆರಳಿನಿಂದ ಸವರಿ ನೋಡಿದೆ. ನಾಳೆ ನೆರಳು ಬಿಟ್ಟು ಏಳುವುದಿಲ್ಲ.

ನವೆಂಬರ್ 22, ಶನಿವಾರ

ಕಾಲು ನೋಯುತ್ತಿದೆ. ಆದರೂ ಬರೆದೇ ಮಲಗಬೇಕು.

ಬೆಳಗ್ಗಿನ ಹೊತ್ತು ಹೇಳಿದ ಹಾಗೇ ನಡೆಯಿತು. ವೇದಿಕೆಯ ಹಿಂದೆ ನಾನು, ಫ್ಯಾನು, ಒಂದು ಟಿವಿ. ಕ್ಯಾಮೆರಾ ತೋರಿಸಿದ್ದು ಟಿವಿಯಲ್ಲಿ ಬರುತ್ತದೆ, ಅದನ್ನು ನೋಡಿ ಹೇಳುವುದು. ನೂರು ಮೀಟರ್, ಇನ್ನೂರು ಮೀಟರ್‌ಗೆಲ್ಲ ತೊಂದರೆಯಿಲ್ಲ. ಎದುರು ಸುರಕ್ಷಾ ಚೆನ್ನಾಗಿಯೇ ನಿಭಾಯಿಸಿದಳು.

ಮಧ್ಯಾಹ್ನದ ಮೇಲೆ ಹುಡುಗಿಯರ ಮೂರು ಸಾವಿರ. ಕ್ಯಾಮೆರಾ ಮುಂದಿನ ಮೂವರ ಹಿಂದೆಯೇ ಸುತ್ತುತ್ತಿತ್ತು. ಮೊದಲನೆಯವಳು ಗೆರೆ ದಾಟಿದಳು, ಎರಡನೆಯವಳು, ಮೂರನೆಯವಳು. ಟಿವಿಯಲ್ಲಿ ಸುರಕ್ಷಾ ಗೆದ್ದವಳನ್ನು ಮಾತಾಡಿಸುವುದು ಬಂತು. ಉಳಿದವರು ಒಬ್ಬೊಬ್ಬರಾಗಿ ಅವರ ಬೆನ್ನ ಹಿಂದೆ ಬಂದು ಹುಲ್ಲಿನ ಮೇಲೆ ಬಿದ್ದುಕೊಂಡರು. ಸಬೀಹಾ ಕಾಣಲಿಲ್ಲ. ಟ್ರ್ಯಾಕೇ ಕಾಣುತ್ತಿರಲಿಲ್ಲ.

ಶೇಖರ ಪರದೆ ಸರಿಸಿ ಮುಖ ಹಾಕಿದರು. “ಮೇಡಂ, ರಿಲೇಗೆ ಕರೀರಿ.”

“ಟ್ರ್ಯಾಕಿನಲ್ಲಿ ಯಾರಾದ್ರೂ ಉಂಟಾ?”

“ಒಬ್ಬಳುಂಟು. ಅವಳು ಬರ್ತಾಳೆ, ನೀವು ಕರೀರಿ.”

“ಎಷ್ಟು ಸುತ್ತು ಉಂಟು ಅವಳಿಗೆ?”

“ಒಂದೂವರೆ. ಬಿಡಿ ಮಾರಾಯ್ರೆ, ಹೊತ್ತಾಯ್ತು.”

ಕಾರ್ಡ್‌ಲೆಸ್ ಮೈಕು ಹಿಡಿದುಕೊಂಡು ಹೊರಗೆ ಬಂದೆ. ರಿಲೇಯ ಹುಡುಗರು ಆಗಲೇ ಟ್ರ್ಯಾಕಿನ ಮೇಲೆ ಇಳಿದು ಕಾಲು ಸಡಿಲಿಸುತ್ತಿದ್ದರು. ಕಬ್ಬಿನ ಹಾಲಿನವನು ಗ್ಲಾಸಿನ ಟ್ರೇ ಹಿಡಿದು ದಾಟುತ್ತಿದ್ದ. ಆಚೆ ಬದಿಯಲ್ಲಿ, ಉದ್ದ ತೋಳಿನ ಅಂಗಿ, ತಲೆಗೆ ಬಿಗಿದ ಕಪ್ಪು ಬಟ್ಟೆ, ಓಟವೂ ಅಲ್ಲ ನಡಿಗೆಯೂ ಅಲ್ಲ ಎಂಬ ಹಾಗೆ ಸಬೀಹಾ ಬರುತ್ತಿದ್ದಳು. ಎದುರು ಗುಂಪು ಕಂಡು ಅವಳ ಹೆಜ್ಜೆ ಬದಿಗೆ ತಿರುಗಿದ್ದು ನನಗೆ ಅಷ್ಟು ದೂರದಿಂದಲೇ ಕಂಡಿತು.

“ದಯವಿಟ್ಟು ಟ್ರ್ಯಾಕ್ ಬಿಟ್ಟುಕೊಡಿ. ಓಟ ಮುಗಿದಿಲ್ಲ” ಎಂದೆ. “ಕಬ್ಬಿನ ಹಾಲಿನವರೇ, ನಿಮಗೂ ಹೇಳಿದ್ದು. ಸಬೀಹಾ ಓಡುತ್ತಿದ್ದಾಳೆ. ಬಂಟ್ವಾಳದ ಸಬೀಹಾ.”

ಅವಳು ತಲೆ ಎತ್ತಿದಳು. ಗೆರೆಯ ಹತ್ತಿರ ನಿಂತು ಕರೆಯಬೇಕಾದವಳು ನಾನು, ಯಾಕೋ ನಿಲ್ಲಲಾಗದೆ ಟ್ರ್ಯಾಕಿನ ಒಳಬದಿಯಲ್ಲಿ ಅವಳ ಜೊತೆಗೇ ನಡೆದೆ, ಮತ್ತೆ ಸೀರೆ ಎತ್ತಿ ಹಿಡಿದು ಸ್ವಲ್ಪ ಓಡಿದ್ದೂ ಹೌದು. ಏನೇನು ಹೇಳಿದೆನೋ ಪೂರ್ತಿ ನೆನಪಿಲ್ಲ. ಅಜ್ಜಿ ತೊಳೆದ ಶೂ ಎಂದದ್ದು ನೆನಪಿದೆ. ಕೊನೆಯ ತಿರುವಿನಲ್ಲಿ ಶಾಮಿಯಾನದ ಜನ ಎದ್ದು ನಿಂತರು. ಸುರಕ್ಷಾ ಗೆದ್ದವಳ ಕೈ ಬಿಟ್ಟು, ಕ್ಯಾಮೆರಾದವನ ಭುಜ ಹಿಡಿದು ನಮ್ಮ ಕಡೆಗೆ ತಿರುಗಿಸಿದಳು. ಸಬೀಹಾ ಗೆರೆ ದಾಟಿದಳು. ಆಗ ಮೈಕು ಇಳಿಸಿದೆ.

ಮತ್ತೆ ರಿಲೇಗೆ ಅಲ್ಲಿಂದಲೇ ಹೇಳಿದೆ. ಹೈಜಂಪಿಗೂ. ಸ್ಕಾರ್ಫು ಫ್ಯಾನಿನ ಹತ್ತಿರದ ಕುರ್ಚಿಯಲ್ಲೇ ಉಳಿದಿದೆ, ಸೋಮವಾರ ತರಬೇಕು.

ನವೆಂಬರ್ 23, ಭಾನುವಾರ

ಕಿವಿಯ ಮುಂದಿನ ಜಾಗ ಕಪ್ಪಾಗಿದೆ, ಒತ್ತಿ ಹಚ್ಚಿದ ಬೊಟ್ಟಿನ ಹಾಗೆ. ಡಾಕ್ಟರಿಗೆ ಫೋಟೋ ಕಳಿಸಿದೆ. ಅವರೇ ಫೋನ್ ಮಾಡಿದರು.

“ಬಿಸಿಲಿಗೆ ಹೋದ್ರಾ?”

“ಹೋದೆ.”

“ಎಷ್ಟು ಹೊತ್ತು?”

“ಗೊತ್ತಾಗಲಿಲ್ಲ.”

ಅವರು ಬೈಯಲಿಲ್ಲ. ಇಳಿಯುತ್ತದೆ, ಕೆಲವು ತಿಂಗಳು ಹಿಡಿಯುತ್ತದೆ ಎಂದರು. “ಪೂರ್ತಿ ಮುಖಕ್ಕೆ ಮಾಡಿಸುವುದಾದ್ರೆ ಮಳೆಗಾಲದಲ್ಲಿ ಬನ್ನಿ. ಆಗ ಕೂಟಗಳೂ ಇರುವುದಿಲ್ಲ. ನಿಧಾನ ಯೋಚಿಸುವ.” ಬರುತ್ತೇನೋ ಏನೋ, ಜೂನ್ ಇನ್ನೂ ದೂರ ಇದೆ. ಸನ್‌ಸ್ಕ್ರೀನ್ ಬಿಡಬೇಡಿ ಎಂದರು. ಬಿಡುವುದಿಲ್ಲ.

ಶೇಖರ ವಿಡಿಯೋದ ತುಣುಕು ಕಳಿಸಿದ್ದಾರೆ. ಕೊನೆಯ ತಿರುವಿನಿಂದ ಗೆರೆಯವರೆಗೆ. ಕ್ಯಾಮೆರಾ ನನ್ನ ಮುಖದ ಮೇಲೇ ನಿಂತುಬಿಟ್ಟಿದೆ, ಸಬೀಹಾ ಒಂದು ಮೂಲೆಯಲ್ಲಿ. ಮೂರು ಸಲ ನೋಡಿದ ಮೇಲೆ ಗೊತ್ತಾಯಿತು, ಅವಳ ಎಡಗಾಲಿನ ಶೂ ಲೇಸು ಬಿಚ್ಚಿಹೋಗಿತ್ತು. ಮೈದಾನದಲ್ಲಿ ನನಗದು ಕಾಣಲೇ ಇಲ್ಲ. ಎಡವಿದ್ದರೆ ಏನು ಗತಿ? ನಾಳೆ ಅವಳಿಗೆ ಎರಡು ಗಂಟು ಹಾಕಲು ಹೇಳಬೇಕು. ರಮಾನಾಥರು ಕನ್ನಡಕ ಹಾಕಿಕೊಂಡು ನೋಡಿದರು, ಮತ್ತೊಮ್ಮೆ ಹಾಕು ಎಂದರು.

ಸಂಜೆ ಸೈನಬಕ್ಕ ಬಂದರು. ತಟ್ಟೆಯಲ್ಲಿ ಬಾಳೆಲೆ ಮುಚ್ಚಿದ ಅಕ್ಕಿಯ ಪತ್ತಿರ್ ರೊಟ್ಟಿ, ಇನ್ನೂ ಬಿಸಿ. ಒಳಗೆ ಬನ್ನಿ ಎಂದರೂ ಬಾರದೆ ಬಾಗಿಲಲ್ಲೇ ನಿಂತು ನನ್ನ ಮುಖವನ್ನು ನೋಡಿದರು. ಮೊಬೈಲಿನಲ್ಲಿ ನೋಡಿದ್ದು ಸಾಲದೇನೋ ಎಂಬ ಹಾಗೆ ಹತ್ತಿರ ಬಂದು, ಆ ಕಡೆ ಈ ಕಡೆ, ಕಣ್ಣು ಸಣ್ಣ ಮಾಡಿ ನೋಡಿದರು. ಕಪ್ಪು ಬೊಟ್ಟಿನ ವಿಷಯ ಬರುತ್ತದೆಂದು ಉತ್ತರ ತಯಾರು ಮಾಡಿಕೊಂಡೆ. ಅವರು ತಟ್ಟೆಯನ್ನು ನನ್ನ ಕೈಗೆ ದಾಟಿಸಿ ಕೇಳಿದರು:

“ಟೀಚರೇ, ನಿಜ ಹೇಳಿ. ನಿನ್ನೆ ಓಡಿದ್ದು ನಮ್ಮ ಸಬೀಹಾನಾ, ನೀವಾ?”